ಹಳೆಯ ನಾಣ್ಯಗಳ ಸಂಗ್ರಹವೂ ಅವುಗಳ ಬೆಲೆಯೂ

ನಮ್ಮ ನಾಡಿನ ಹಳೆಯ ಕುಟುಂಬಗಳಲ್ಲಿ ಅಜ್ಜಿಯ ಪೆಟ್ಟಿಗೆಯೆಂಬುದೊಂದು ಇಲ್ಲದ ಮನೆ ಅಪರೂಪ. ಅದರ ತಳದಲ್ಲಿ, ನಂಟರ ಕಾಗದಗಳಿಗೂ ಮಾಸಿದ ರೇಷ್ಮೆಯ ಸೀರೆಗೂ ಕೆಳಗೆ, ಬಾಯಿ ಕಟ್ಟಿದ ಚಿಕ್ಕ ಚೀಲವೊಂದು ಸಾಮಾನ್ಯವಾಗಿ ದೊರೆಯುತ್ತದೆ. ಅದನ್ನು ಬಿಚ್ಚಿ ಸುರುವಿದರೆ ರಾಣಿಯ ತಲೆಯುಳ್ಳ ನಾಲ್ಕಾರು ಬೆಳ್ಳಿಯ ರೂಪಾಯಿಗಳು, ಒಂದೆರಡು ಪಾವಲಿಗಳು, ಕಿಲುಬು ಹಿಡಿದ ಒಂದು ಹಿಡಿ ತಾಮ್ರದ ಕಾಸುಗಳು, ನಡುವೆ ತೂತಿರುವ ಕೆಲವು ಪೈಸೆಗಳು ಕಾಣಬರುವುವು. ಆಗ ಮನೆಯವರೆಲ್ಲರ ಬಾಯಿಂದಲೂ ಹೊರಡುವ ಪ್ರಶ್ನೆ ಒಂದೇ: “ಇವುಗಳಿಗೆ ಈಗ ಏನು ಬೆಲೆ ಬಂದೀತು?” ಈ ಪ್ರಶ್ನೆಗೆ ಸರಿಯಾದ ಉತ್ತರವನ್ನರಿಯದೆ ಎಷ್ಟೋ ಮನೆಯವರು ನಷ್ಟಕ್ಕೆ ಗುರಿಯಾಗಿದ್ದಾರೆ. ಕೆಲವರು ಬೆಲೆಯುಳ್ಳದ್ದನ್ನು ಕರಗಿಸಿದ್ದಾರೆ. ಕೆಲವರು ಬೆಲೆಯಿಲ್ಲದ್ದನ್ನು ನಂಬಿ ಮೋಸಹೋಗಿದ್ದಾರೆ. ಆದಕಾರಣ ಈ ವಿಷಯದಲ್ಲಿ ನನಗೆ ತಿಳಿದಷ್ಟನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಮಕ್ಕಳ ತಂದೆತಾಯಿಗಳ ಮುಂದೆಯೂ ಇಡಲು ಅಪೇಕ್ಷಿಸುತ್ತೇನೆ.

ಮೊದಲು ನಾನೇ ಮಾಡಿದ ತಪ್ಪನ್ನು ಹೇಳುವುದು ನ್ಯಾಯ. ನನ್ನ ಅಜ್ಜಿಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಇಂತಹದೇ ಒಂದು ಚೀಲ ಸಿಕ್ಕಿತು. ಅದರಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ಬೆಳ್ಳಿಯ ರೂಪಾಯಿಗಳಿದ್ದವು. ಅವು ಕಪ್ಪಾಗಿದ್ದುದನ್ನು ಕಂಡು, ಆಗ ಇನ್ನೂ ಹುಡುಗಿಯಾಗಿದ್ದ ನಾನು ಹಿತ್ತಿಲ ಕಲ್ಲಿನ ಮೇಲೆ ಕುಳಿತು, ಹುಣಸೆಹಣ್ಣನ್ನೂ ಬೂದಿಯನ್ನೂ ಹಾಕಿ, ಒಂದೊಂದನ್ನೂ ತಿಕ್ಕಿ ಥಳಥಳಿಸುವಂತೆ ಮಾಡಿದೆನು. ಹಿರಿಯರು ನನ್ನನ್ನು ಮೆಚ್ಚಿಕೊಂಡರು. ಆ ವಾರದಲ್ಲಿಯೇ ಅವೆಲ್ಲವೂ ಅಕ್ಕಸಾಲಿಗನ ಮೂಸೆಯನ್ನು ಸೇರಿ ಎರಡು ಬೆಳ್ಳಿಯ ಲೋಟಗಳಾದವು. ಆ ರೂಪಾಯಿಗಳ ಮೇಲೆ ಯಾವ ಯಾವ ವರ್ಷಗಳಿದ್ದವೆಂದು ನಮ್ಮಲ್ಲಿ ಯಾರೂ ಓದಿ ನೋಡಿರಲಿಲ್ಲ. ನಾವು ಕಳೆದುಕೊಂಡದ್ದು ಅಲ್ಪವೋ ಅಧಿಕವೋ ಎಂಬುದನ್ನು ಇನ್ನು ತಿಳಿಯುವ ಮಾರ್ಗವಿಲ್ಲ. ಚೀಲದಲ್ಲಿದ್ದ ಒಂದೇ ಒಂದು ತಾಮ್ರದ ಬಿಲ್ಲೆಯನ್ನು ಮಾತ್ರ ಅಕ್ಕಸಾಲಿಗನು ತನಗೆ ಬೇಡವೆಂದು ಹಿಂದಿರುಗಿಸಿದನು. ಅದರ ಮಾತನ್ನು ಮುಂದೆ ಹೇಳುವೆನು.

ಹಳೆಯ ನಾಣ್ಯಕ್ಕೆ ಎರಡು ಬಗೆಯ ಬೆಲೆಯುಂಟು. ಒಂದು ಲೋಹದ ಬೆಲೆ; ಮತ್ತೊಂದು ಸಂಗ್ರಾಹಕರು ಕೊಡುವ ಬೆಲೆ. ಮೊದಲನೆಯದನ್ನು ತಕ್ಕಡಿಯಿಂದ ತಿಳಿಯಬಹುದು. ಎರಡನೆಯದನ್ನು ತಿಳಿಯಬೇಕಾದರೆ ನಾಣ್ಯವನ್ನು ಓದಬೇಕು. ತೂಗುವವರು ಬಹುಮಂದಿ, ಓದುವವರು ಕೆಲವೇ ಮಂದಿ, ಆದುದರಿಂದಲೇ ನಷ್ಟವಾಗುವುದು.

ಲೋಹದ ಲೆಕ್ಕವು ಸುಲಭವಾದದ್ದು. 1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಆಳಿಕೆಗೆ ಸೇರಿದ ಪ್ರಾಂತಗಳಿಗೆಲ್ಲಾ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿದರು. ಅದರ ತೂಕ 180 ಗ್ರೇನು, ಎಂದರೆ ಸರಿಯಾಗಿ ಒಂದು ತೊಲ. ಈಗಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ನಮ್ಮ ಹಿರಿಯರು ಚಿನ್ನವನ್ನು “ರೂಪಾಯಿ ತೂಕ” ಎಂದು ತೂಗುತ್ತಿದ್ದುದಕ್ಕೆ ಇದೇ ಕಾರಣ. ಈ ತೂಕದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯಾದುದರಿಂದ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಬೆಳ್ಳಿ ಇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವವುಂಟಾದಾಗ, 1940ರಿಂದ ಈ ಪಾಲನ್ನು ಅರ್ಧಕ್ಕೆ ಇಳಿಸಿದರು. ಆ ಬಳಿಕ 1945ರವರೆಗಿನ ರೂಪಾಯಿಗಳಲ್ಲಿ 5.83 ಗ್ರಾಂ ಮಾತ್ರವೇ ಬೆಳ್ಳಿಯುಂಟು. ಹುಲಿಯ ಚಿತ್ರವುಳ್ಳ 1947ರ ರೂಪಾಯಿಯಾದರೋ ನಿಕ್ಕಲ್ ಲೋಹದ್ದು. ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಮಕ್ಕಳ ಕೈಯಲ್ಲಿ ಒಂದು ಅಯಸ್ಕಾಂತವನ್ನು ಕೊಟ್ಟರೆ ಅವರೇ ಇದನ್ನು ಪರೀಕ್ಷಿಸಿ ಹೇಳುವರು: ನಿಕ್ಕಲ್ ರೂಪಾಯಿ ಅದಕ್ಕೆ ಅಂಟುತ್ತದೆ, ಬೆಳ್ಳಿಯ ರೂಪಾಯಿ ಅಂಟುವುದಿಲ್ಲ. ಆಯಾ ದಿನದ ಬೆಳ್ಳಿಯ ಧಾರಣೆಯಿಂದ ಈ ಗ್ರಾಂಗಳನ್ನು ಗುಣಿಸಿದರೆ, ಯಾವ ರೂಪಾಯಿಯನ್ನಾದರೂ ಎಷ್ಟಕ್ಕೆ ಕಡಿಮೆಯಾಗಿ ಕೊಡಬಾರದೆಂಬುದು ತಾನೇ ತಿಳಿದುಬರುತ್ತದೆ.

ಇನ್ನು ಸಂಗ್ರಾಹಕರ ಬೆಲೆ. ಇದರ ವಿಷಯದಲ್ಲಿ ಜನರಲ್ಲಿರುವ ದೊಡ್ಡ ಭ್ರಾಂತಿಯೆಂದರೆ, ನಾಣ್ಯವು ಎಷ್ಟು ಹಳೆಯದೋ ಅಷ್ಟು ಬೆಲೆಯುಳ್ಳದ್ದು ಎಂಬುದು. ಇದು ನಿಜವಲ್ಲ. ಬೆಲೆಯನ್ನು ನಿರ್ಣಯಿಸುವುದು ಮೂರು ಸಂಗತಿಗಳು: ಅಂತಹ ನಾಣ್ಯಗಳು ಎಷ್ಟು ಉಳಿದಿವೆ, ಇದು ಎಂತಹ ಸ್ಥಿತಿಯಲ್ಲಿದೆ, ಅದನ್ನು ಬಯಸುವವರು ಎಷ್ಟು ಮಂದಿ ಇದ್ದಾರೆ. 1918ರ ರೂಪಾಯಿಯನ್ನೂ 1939ರ ರೂಪಾಯಿಯನ್ನೂ ಹೋಲಿಸಿ ನೋಡಿದರೆ ಇದು ಸ್ಪಷ್ಟವಾಗುವುದು. ಮೊದಲನೆಯ ಮಹಾಯುದ್ಧದ ವೆಚ್ಚಕ್ಕಾಗಿ ರೂಪಾಯಿಗಳಿಗೆ ಎಷ್ಟು ಬೇಡಿಕೆ ಬಂದಿತೆಂದರೆ, 1918ರಲ್ಲಿ ಅಮೆರಿಕಾ ದೇಶವು ತನ್ನ ಬೆಳ್ಳಿಯ ಡಾಲರುಗಳನ್ನು ಕರಗಿಸಿ ಆ ಬೆಳ್ಳಿಯನ್ನು ಹಿಂದೂದೇಶದ ನಾಣ್ಯಗಳಿಗಾಗಿ ಬ್ರಿಟಿಷರಿಗೆ ಮಾರಬೇಕಾಯಿತು. ಆ ವರ್ಷ ಕಲ್ಕತ್ತ, ಮುಂಬಯಿಗಳ ಟಂಕಸಾಲೆಗಳಲ್ಲಿ ಅಚ್ಚಾದ ರೂಪಾಯಿಗಳು ಒಟ್ಟು 40 ಕೋಟಿಗೂ ಮೇಲ್ಪಟ್ಟವು. ಅವು ನೂರು ವರ್ಷ ದಾಟಿದ್ದರೂ ಇಂದಿಗೂ ಯಥೇಚ್ಛವಾಗಿ ದೊರೆಯುವುದರಿಂದ, ತೀರ ಹೊಸದರಂತೆ ಉಳಿದಿದ್ದ ಹೊರತು ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚೇನೂ ಬರುವುದಿಲ್ಲ. 1939ರ ರೂಪಾಯಿಯಾದರೋ ಅದಕ್ಕಿಂತ 21 ವರ್ಷ ಕಿರಿಯದು. ಆದರೆ ಮುಂಬಯಿಯಲ್ಲಿ ಅಚ್ಚಾದುದೇ ಬಹು ಸ್ವಲ್ಪ. ಆದುದರಿಂದ ಅದನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಇದೇ ಕಾರಣದಿಂದ 1938ರ ರೂಪಾಯಿಯ ಕಡೆಯ ಅಂಕಿಯನ್ನು ತಿದ್ದಿ 9 ಮಾಡಿ ಮಾರುವ ವಂಚಕರೂ ಹುಟ್ಟಿಕೊಂಡಿದ್ದಾರೆ.

ನಾಣ್ಯದ ಮೇಲಿನ ವರ್ಷವನ್ನು ಓದುವಾಗಲೂ ಸ್ವಲ್ಪ ಎಚ್ಚರಿಕೆ ಬೇಕು. ನಾಲ್ಕನೆಯ ವಿಲಿಯಂ ದೊರೆಯ ತಲೆಯುಳ್ಳ ರೂಪಾಯಿಗಳ ಮೇಲೆ 1835 ಎಂದಿದ್ದರೂ ಅವು ಆ ಒಂದೇ ವರ್ಷದಲ್ಲಿ ಅಚ್ಚಾದವುಗಳಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿ ಬರುವವರೆಗೂ ಅದೇ ಅಂಕಿ ಮುಂದುವರಿಯಿತು. ಆ ಬಳಿಕ 1840 ಎಂಬ ಅಂಕಿಯು ಸುಮಾರು ಇಪ್ಪತ್ತು ವರ್ಷಗಳೂ, 1862 ಎಂಬ ಅಂಕಿಯು 1874ರವರೆಗೂ ನಡೆದವು. ಆದುದರಿಂದ 1862ರ ರೂಪಾಯಿ ತಮ್ಮಲ್ಲಿದೆಯೆಂದು ಯಾರಾದರೂ ಹಿಗ್ಗಿದರೆ, ಅದರಲ್ಲಿ ಹನ್ನೆರಡು ವರ್ಷಗಳ ಬೆಳೆ ಸೇರಿದೆಯೆಂಬುದನ್ನು ಅವರಿಗೆ ಮೆಲ್ಲನೆ ತಿಳಿಸಬೇಕು. ವಿಕ್ಟೋರಿಯಾಳನ್ನು 1877ಕ್ಕೆ ಮುಂಚಿನ ನಾಣ್ಯಗಳಲ್ಲಿ ರಾಣಿಯೆಂದೂ ಅಲ್ಲಿಂದ ಮುಂದಿನವುಗಳಲ್ಲಿ ಚಕ್ರವರ್ತಿನಿಯೆಂದೂ ಬರೆದಿರುವುದನ್ನು ಇಂಗ್ಲಿಷ್ ಓದಬಲ್ಲ ಯಾವ ಹುಡುಗಿಯಾದರೂ ಗುರುತಿಸಬಹುದು.

ಚಿಕ್ಕದೊಂದು ಗೆರೆಯೂ ನಾಣ್ಯದ ಗತಿಯನ್ನು ಬದಲಿಸಿದ ನಿದರ್ಶನವುಂಟು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಹೊರಬಂದಾಗ, ಅವನ ನಿಲುವಂಗಿಯ ಮೇಲಿನ ಸರದಲ್ಲಿದ್ದ ಆನೆಯ ಚಿತ್ರವು ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಾಣುವುದೆಂದು ಜನರು ಆಕ್ಷೇಪಿಸಿದರು. ಸರ್ಕಾರದವರು ಇನ್ನೂ ಹಂಚದೆ ಉಳಿದಿದ್ದ ನಾಣ್ಯಗಳನ್ನು ಕರಗಿಸಿ, 1912ರಿಂದ ಆನೆಯು ಆನೆಯಂತೆಯೇ ತೋರುವ ಅಚ್ಚನ್ನು ಉಪಯೋಗಿಸಿದರು. ಆಗಲೇ ಜನರ ಕೈಸೇರಿದ್ದ 1911ರ ರೂಪಾಯಿಗಳು ಈಗ ಸಂಗ್ರಾಹಕರಿಗೆ ಪ್ರಿಯವಾಗಿವೆ. ನನ್ನ ಅಜ್ಜಿಯ ಚೀಲದಲ್ಲಿ ಅಂತಹದೊಂದು ಇದ್ದಿತೋ ಇಲ್ಲವೋ, ದೇವರೇ ಬಲ್ಲನು.

ಸ್ಥಿತಿಯ ವಿಷಯದಲ್ಲಿ ಒಂದೇ ನಿಯಮವನ್ನು ನೆನಪಿಟ್ಟರೆ ಸಾಕು: ನಾಣ್ಯವನ್ನು ಎಂದಿಗೂ ತಿಕ್ಕಬೇಡಿರಿ. ಹುಣಸೆಹಣ್ಣು, ನಿಂಬೆಯ ರಸ, ಬೂದಿ, ಬೆಳ್ಳಿ ತೊಳೆಯುವ ಪುಡಿ, ಇವೆಲ್ಲವೂ ಪಾತ್ರೆಗಳಿಗೆ ಒಳ್ಳೆಯವು, ನಾಣ್ಯಗಳಿಗೆ ಶತ್ರುಗಳು. ಹುಳಿಯು ಲೋಹದ ಮೇಲ್ಪದರವನ್ನು ತಿನ್ನುತ್ತದೆ. ಬೂದಿಯು ಸಣ್ಣ ಗೆರೆಗಳನ್ನು ಕೊರೆಯುತ್ತದೆ. ವರ್ಷಗಳ ಮೇಲೆ ತಾನಾಗಿ ಏರಿದ ಕಪ್ಪು ಅಥವಾ ಕಂದು ಬಣ್ಣವು ಕೊಳೆಯಲ್ಲ. ಅದು ಒಳಗಿನ ಲೋಹಕ್ಕೆ ಹೊದಿಕೆ, ನಾಣ್ಯದ ಪ್ರಾಮಾಣಿಕತೆಗೆ ಸಾಕ್ಷಿ. ಅನುಭವಸ್ಥರು ಥಳಥಳಿಸುವ ಹಳೆಯ ನಾಣ್ಯವನ್ನು ಕಂಡರೆ ಮೊದಲು ಸಂದೇಹಪಡುವರು. ಮಣ್ಣು ಅಂಟಿದ್ದರೆ ಭಟ್ಟಿಯಿಳಿಸಿದ ನೀರಿನಲ್ಲಿ ನೆನೆಹಾಕಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಆರಿಸಬಹುದು. ನಾಣ್ಯವನ್ನು ಹಿಡಿಯುವಾಗ ಅಂಚಿನಲ್ಲಿ ಮಾತ್ರ ಹಿಡಿಯತಕ್ಕದ್ದು. ಬೆರಳಿನ ಬೆವರೂ ಗುರುತನ್ನು ಬಿಡುತ್ತದೆ. ಮೆತುವಾದ ಅಗ್ಗದ ಪ್ಲಾಸ್ಟಿಕ್ ಚೀಲಗಳು ಕಾಲಕ್ರಮದಲ್ಲಿ ಹಸುರು ಜಿಡ್ಡನ್ನು ಹುಟ್ಟಿಸುವುದರಿಂದ, ಒಂದೊಂದನ್ನೂ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಬೇರೆ ಬೇರೆಯಾಗಿ ಇಟ್ಟು, ತೇವವಿಲ್ಲದ ಸ್ಥಳದಲ್ಲಿ ಕಾಪಾಡಬೇಕು. ತಾಮ್ರದ ಮೇಲೆ ಪುಡಿಪುಡಿಯಾಗಿ ಉದುರುವ ತಿಳಿಹಸುರು ಕಿಲುಬು ಕಂಡರೆ ಅದನ್ನು ಉಳಿದವುಗಳಿಂದ ಬೇರ್ಪಡಿಸಿ ತಿಳಿದವರಿಗೆ ತೋರಿಸಬೇಕು. ಕಾಸಿನ ಸರಕ್ಕೆ ಬೆಸುಗೆ ಹಾಕಿದ ನಾಣ್ಯಕ್ಕೆ ಸಂಗ್ರಾಹಕರ ಬೆಲೆ ಕುಂದುವುದು ನಿಜ. ಆದರೂ ಅಂತಹ ಸರವನ್ನು ನಾಣ್ಯಕ್ಕಾಗಿ ಒಡೆಯಬಾರದು. ಆ ಒಡವೆಗೆ ಅದರದೇ ಆದ ಮಾನವುಂಟು.

ಬ್ರಿಟಿಷರ ರೂಪಾಯಿಗಳ ಮಾತೇ ಇಷ್ಟಾಯಿತು. ನಮ್ಮ ಕನ್ನಡನಾಡಿನ ನಾಣ್ಯಗಳು ಇದಕ್ಕಿಂತಲೂ ಸ್ವಾರಸ್ಯವುಳ್ಳವು. ವಿಜಯನಗರದ ಚಿನ್ನದ ವರಾಹವು ಸುಮಾರು 3.4 ಗ್ರಾಂ ತೂಕವುಳ್ಳದ್ದು. ಆ ಹೆಸರು ಚಾಲುಕ್ಯರ ವರಾಹ ಲಾಂಛನದಿಂದ ಬಂದಿತೆಂದು ವಿದ್ವಾಂಸರು ಹೇಳುವರು. ಮೈಸೂರಿನಲ್ಲಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹನ ಮೂರ್ತಿಯುಳ್ಳ ಕಂಠೀರಾಯಿ ಹಣವನ್ನು ಹೊರಡಿಸಿದರು. ಅದು ಹೆಬ್ಬೆರಳಿನ ಉಗುರಿಗಿಂತಲೂ ಬಹು ಚಿಕ್ಕದಾದ ಚಿನ್ನದ ನಾಣ್ಯ. ಅಂತಹ ಹತ್ತು ಹಣಗಳನ್ನು ಒಂದು ವರಾಹವೆಂದು ಲೆಕ್ಕ ಹಿಡಿಯುತ್ತಿದ್ದರು. ಹೈದರಾಲಿಯು ತನ್ನ ವರಾಹದ ಮೇಲೆ ಇಕ್ಕೇರಿಯ ನಾಯಕರ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಹಾಕಿಸಿದನು. ಜನರು ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ವಿವೇಕವು ಅದರಲ್ಲಿ ಕಾಣುತ್ತದೆ. ಟಿಪ್ಪುವಿನ ತಾಮ್ರದ ಕಾಸುಗಳಲ್ಲಿ ಆನೆಯುಂಟು. ಅವನು ತನ್ನ ನಾಣ್ಯಗಳಿಗೆ ಒಂದೊಂದು ಹೆಸರನ್ನಿಟ್ಟನು: ಪೈಸೆಗೆ ಶುಕ್ರಗ್ರಹದ ಹೆಸರಾದ ಜೊಹ್ರಾ, ರೂಪಾಯಿಗೆ ಇಮಾಮಿ. ಅವನ ಆಳಿಕೆಯ ಉತ್ತರಾರ್ಧದ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ನಮ್ಮ ನೆಲವು ಇದಕ್ಕೂ ಹಿಂದಿನ ಕಾಲದ ನಾಣ್ಯಗಳನ್ನು ಹೊರಗೆಡಹಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿದವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈ ನಾಡಿಗೂ ಸಮುದ್ರದಾಚೆಯ ದೇಶಗಳಿಗೂ ವ್ಯಾಪಾರ ನಡೆಯುತ್ತಿದ್ದಿತೆಂಬುದನ್ನು ಇವು ತೋರಿಸುತ್ತವೆ. ಇಂತಹ ಸಂಗತಿಗಳನ್ನು ಬೆಳಕಿಗೆ ತಂದವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ನಾಣ್ಯಗಳನ್ನು ಕೂಡಿಸಿದ ಸಾಮಾನ್ಯ ಉದ್ಯೋಗಸ್ಥರೇ. 1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ಮುಂದೆ ದಕ್ಷಿಣ ಹಿಂದೂಸ್ಥಾನದ ನಾಣ್ಯಗಳ ಮೇಲೆ ದೊಡ್ಡ ಗ್ರಂಥವನ್ನು ಬರೆದನು. ವೇಲೂರಿನಲ್ಲಿದ್ದ ಲೊವೆಂತಾಲ್ ಎಂಬ ಮಿಷನರಿಯು 1888ರಲ್ಲಿ ತಿರುನೆಲ್ವೇಲಿಯ ನಾಣ್ಯಗಳನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. ಇತ್ತೀಚಿನ ಕಾಲದಲ್ಲಿ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ವಿಷಯದಲ್ಲಿ ಮಾಡಿದ ಕೆಲಸವು ಸಂಗ್ರಾಹಕರಿಗೆ ದಾರಿದೀಪವಾಗಿದೆ.

ಈಗ ಮೋಸದ ವಿಷಯ. ಜಾತ್ರೆಗಳಲ್ಲಿಯೂ ಬೀದಿಯ ಅಂಗಡಿಗಳಲ್ಲಿಯೂ ರಾಮ, ಲಕ್ಷ್ಮಿ, ಹನುಮಂತ ಮೊದಲಾದ ದೇವತೆಗಳ ಚಿತ್ರಗಳುಳ್ಳ, ಈಸ್ಟ್ ಇಂಡಿಯಾ ಕಂಪೆನಿಯ ಹೆಸರನ್ನೂ 1616, 1717, 1818 ಎಂಬ ವರ್ಷಗಳನ್ನೂ ಹೊತ್ತ ತಾಮ್ರದ ಬಿಲ್ಲೆಗಳನ್ನು ಮಾರುತ್ತಾರೆ. ಅವುಗಳಿಗೆ ದಿವ್ಯಶಕ್ತಿಯುಂಟೆಂದೂ ಲಕ್ಷಾಂತರ ಬೆಲೆಯುಂಟೆಂದೂ ಹೇಳುವರು. ಇವು ನಾಣ್ಯಗಳೇ ಅಲ್ಲ. ಇದನ್ನು ತಿಳಿಯಲು ಪಂಡಿತರಾಗಬೇಕಾದುದಿಲ್ಲ. ಶಾಲೆಯ ಚರಿತ್ರೆಯ ಪಾಠವೇ ಸಾಕು. ಕೆಲವುಗಳ ಮೇಲೆ ಒಂದಾಣೆ ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ ಒಂದಾಣೆಯ ಬಿಲ್ಲೆ ಮೊದಲು ಬಂದದ್ದು ಏಳನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ. ಕೆಲವುಗಳ ಮೇಲೆ ‘ಯು. ಕೆ.’ ಎಂದಿರುತ್ತದೆ, ಯುನೈಟೆಡ್ ಕಿಂಗ್ಡಮ್ ಎಂಬ ರಾಜ್ಯವು ಏರ್ಪಟ್ಟದ್ದೇ 1801ರಲ್ಲಿ. ಹೀಗಿರುವಾಗ 1616ರಲ್ಲಿ ಆ ಹೆಸರು ಎಲ್ಲಿಂದ ಬಂದೀತು?

ಇದಕ್ಕಿಂತಲೂ ಕೆಟ್ಟದ್ದು ಮತ್ತೊಂದು. ನನಗೆ ಪರಿಚಯವಿದ್ದ ವೃದ್ಧೆಯೊಬ್ಬರಿಗೆ, ಅವರಲ್ಲಿದ್ದ ಒಂದು ಸಾಧಾರಣ ನಾಣ್ಯಕ್ಕೆ ಹಲವು ಲಕ್ಷ ಕೊಡುವೆವೆಂದು ಗುರುತಿಲ್ಲದವರೊಬ್ಬರು ದೂರವಾಣಿಯಲ್ಲಿ ತಿಳಿಸಿದರು. ಹಣವನ್ನು ಕಳುಹಿಸುವುದಕ್ಕೆ ಮೊದಲು ನೋಂದಣಿಯ ಶುಲ್ಕವೆಂದೂ ತೆರಿಗೆಯೆಂದೂ ಸ್ವಲ್ಪ ಹಣವನ್ನು ಇವರೇ ಕಟ್ಟಬೇಕೆಂದರು. ಆಕೆ ಔಷಧಕ್ಕೆಂದು ಇಟ್ಟಿದ್ದ ಹಣವನ್ನು ಎರಡು ಸಲ ಕಳುಹಿಸಿಕೊಟ್ಟರು. ಮೂರನೆಯ ಸಲ ಮಗಳಿಗೆ ತಿಳಿದುಬಂದು ತಡೆದಳು. ಹೋದ ಹಣ ಬರಲಿಲ್ಲ. ಇಂತಹ ವಂಚನೆಗಳು ಹೆಚ್ಚಿದುದರಿಂದ 2021ರ ಆಗಸ್ಟ್ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಸಾರ್ವಜನಿಕರಿಗೆ ಎಚ್ಚರಿಕೆಯನ್ನು ಕೊಟ್ಟಿತು. ಹಳೆಯ ನಾಣ್ಯ, ನೋಟುಗಳ ಕ್ರಯವಿಕ್ರಯದಲ್ಲಿ ತಾನು ತೊಡಗುವುದಿಲ್ಲವೆಂದೂ, ಅದಕ್ಕಾಗಿ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಅದು ಸ್ಪಷ್ಟಪಡಿಸಿತು. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಈ ಒಂದು ಮಾತನ್ನು ಮನೆಯ ಹಿರಿಯರಿಗೆ ತಿಳಿಸಿಡಿರಿ.

ಕಾನೂನಿನ ವಿಷಯವೂ ತಿಳಿದಿರಬೇಕು. ಹೊಲದಲ್ಲಾಗಲಿ ಗೋಡೆಯಲ್ಲಾಗಲಿ ಹೂತಿಟ್ಟ ನಿಧಿ ಸಿಕ್ಕಿದರೆ ಅದನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂಬ ವಿಧಿಯು 1878ರ ಕಾನೂನಿನಿಂದಲೇ ನಡೆದುಬಂದಿದೆ. ನೂರು ವರ್ಷ ಮೀರಿದ ನಾಣ್ಯಗಳು 1972ರ ಕಾನೂನಿನಂತೆ ಪ್ರಾಚೀನ ವಸ್ತುಗಳೆನಿಸುವುದರಿಂದ, ಅವುಗಳನ್ನು ಖಾಸಗಿಯವರು ಪರದೇಶಗಳಿಗೆ ಸಾಗಿಸುವಂತಿಲ್ಲ. ಹೊರದೇಶಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಊರಿಗೆ ಬಂದು ಹಿಂದಿರುಗುವಾಗ ಅಜ್ಜಿಯ ನೆನಪಿಗೆಂದು ಇಂತಹವುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಬಾರದು.

ಮಕ್ಕಳಿಗೆ ಈ ಹವ್ಯಾಸವನ್ನು ಕಲಿಸಲು ಹೆಚ್ಚು ಹಣ ಬೇಕಿಲ್ಲ. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕವು ಹೋಗಿ ದಶಮಾಂಶದ ಲೆಕ್ಕ ಬಂದಿತು. 1964ರವರೆಗೆ ಹೊಸ ಬಿಲ್ಲೆಗಳನ್ನು ನಯಾ ಪೈಸೆಗಳೆಂದು ಕರೆದರು. ಇಪ್ಪತ್ತೈದು ಪೈಸೆಯೂ ಅದಕ್ಕೆ ಕಡಿಮೆಯಾದವುಗಳೂ 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೋದವು. ಇವುಗಳನ್ನು ಕ್ರಮವಾಗಿ ಜೋಡಿಸುವುದರಿಂದ ಆರಂಭಿಸಬಹುದು. ಒಂದು ಭೂತಗನ್ನಡಿ, ಚಿಕ್ಕ ತಕ್ಕಡಿ, ಒಂದು ನೋಟುಪುಸ್ತಕ, ಇಷ್ಟೇ ಸಲಕರಣೆ. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ ಎಂಬುದನ್ನು ಅಜ್ಜನೋ ಅಜ್ಜಿಯೋ ಹೇಳಿಕೊಡಲಿ. 1943ರಿಂದ 1947ರವರೆಗಿನ ಪೈಸೆಗೆ ನಡುವೆ ತೂತೇಕೆ ಎಂದು ಮಗು ಕೇಳಿದರೆ, ಯುದ್ಧದ ಕಾಲದಲ್ಲಿ ಲೋಹವನ್ನು ಉಳಿಸುವುದಕ್ಕಾಗಿ ಎಂಬ ಉತ್ತರದಿಂದಲೇ ಒಂದು ಚರಿತ್ರೆಯ ಪಾಠ ಮೊದಲಾಗುವುದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸವೊಂದುಂಟು. ಪ್ರತಿಯೊಂದು ನಾಣ್ಯದ ಜೊತೆಗೂ ಒಂದು ಚೀಟಿಯನ್ನು ಇಡಿರಿ. ಅದು ಯಾರಿಂದ ಬಂದಿತು, ಯಾವ ಊರಿನಲ್ಲಿದ್ದಿತು, ಮನೆಯವರು ಅದನ್ನು ಕುರಿತು ಏನು ಹೇಳುತ್ತಿದ್ದರು ಎಂಬುದನ್ನು ಬರೆಯಿರಿ. ಲೋಹದ ಧಾರಣೆ ಪತ್ರಿಕೆಯಲ್ಲಿ ಸಿಕ್ಕುತ್ತದೆ, ನಾಣ್ಯದ ವಿವರ ಪುಸ್ತಕದಲ್ಲಿ ಸಿಕ್ಕುತ್ತದೆ. ಈ ಸಂಗತಿ ಮಾತ್ರ ಮನೆಯ ಹಿರಿಯರು ಹೋದ ಬಳಿಕ ಎಲ್ಲಿಯೂ ಸಿಕ್ಕುವುದಿಲ್ಲ. ಮಾರುವುದು ಅನಿವಾರ್ಯವಾದರೆ ಮಾರಿರಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಓದಿ, ತೂಗಿ, ಬರೆದುಕೊಂಡು, ಇಬ್ಬರು ಮೂವರು ತಿಳಿದವರಿಗೆ ತೋರಿಸಿದ ಬಳಿಕ ಮಾರಿರಿ.

ಅಕ್ಕಸಾಲಿಗನು ಹಿಂದಿರುಗಿಸಿದ ಆ ತಾಮ್ರದ ಬಿಲ್ಲೆಯನ್ನು ನಾನು ಅನೇಕ ವರ್ಷಗಳ ಬಳಿಕ ಭೂತಗನ್ನಡಿಯ ಕೆಳಗಿಟ್ಟು ನೋಡಿದೆನು. ಒಂದು ಕಡೆ ಆನೆ. ಮತ್ತೊಂದು ಕಡೆ ಇಂಗ್ಲಿಷ್ ಅಕ್ಷರಗಳ ಜೊತೆಗೆ, ಅರ್ಧ ಸವೆದಿದ್ದರೂ ಓದಬಹುದಾದ ಕನ್ನಡ ಅಕ್ಷರಗಳಲ್ಲಿ “ಮಯಿಲಿ ಕಾಸು” ಎಂದಿದ್ದಿತು. ಅದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯ. ಅದಕ್ಕೆ ದೊಡ್ಡ ಬೆಲೆಯೇನೂ ಇಲ್ಲ. ಅಂತಹವು ಇನ್ನೂ ಅನೇಕವಿವೆ. ಆದರೂ ಅಜ್ಜಿಯವರು ಅದನ್ನು ರೂಪಾಯಿಗಳ ಜೊತೆಗೆ ಏಕೆ ಕಾಪಾಡಿದರು, ಅದು ಅವರಿಗೆ ಯಾರ ಕೈಯಿಂದ ಬಂದಿತು ಎಂಬುದನ್ನು ನಾನು ಕೇಳಿರಲಿಲ್ಲ. ಅದರ ಲಕೋಟೆಯ ಚೀಟಿಯಲ್ಲಿ ಆ ಎರಡು ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಅಜ್ಜಿಯವರು ಇನ್ನೂ ಇದ್ದರೆ, ಈ ಸಂಜೆಯೇ ಅವರ ಪಕ್ಕದಲ್ಲಿ ಕುಳಿತು ಕೇಳಿಕೊಳ್ಳಿರಿ.